ಯಂಕಪ್ಪ ಹಾಕಿದ್ದ ಬೀಗ

ಮಹಾಪೆಯ ರಬ್ಬರ್ ಕಾರ್ಖಾನೆಯೊಂದರಲ್ಲಿ ಲೀಲಾಧರ ಹತ್ತೊಂಬತ್ತು ವರ್ಷ ಮೇಂಟೆನೆನ್ಸ್ ಸೂಪರ್‌ವೈಸರ್ ಆಗಿದ್ದ. ಕಾರ್ಕಳದ ಕಡೆಯವನು. ಡೊಂಬಿವಲಿಯಲ್ಲಿ ಮನೆ, ಹೆಂಡತಿ ರತ್ನಾವತಿ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರಿಸುವ ಮಗಳು ಸೋನಾಲಿ. ಕಾರ್ಖಾನೆಯಲ್ಲಿ ಅವನ ಮಾತಿಗೆ ಒಂದು ತೂಕವಿತ್ತು. ‘ಲೀಲಾಧರ ಹೇಳಿದರೆ ಮುಗಿಯಿತು’ ಎನ್ನುತ್ತಿದ್ದರು.

ರಬ್ಬರನ್ನು ಬಿಸಿ ಅಚ್ಚಿನಲ್ಲಿ ಒತ್ತುವಾಗ ಏಳುವ ಹೊಗೆಯನ್ನು ಎಳೆದು ಹೊರಗೆ ಹಾಕಲು ಟೆರೇಸಿನ ಮೇಲೆ ಆಳೆತ್ತರದ ನಾಲ್ಕು ಫ್ಯಾನುಗಳಿದ್ದವು. ಒಂದು ನಿಂತರೂ ಹತ್ತೇ ನಿಮಿಷದಲ್ಲಿ ಪ್ರೆಸ್ ವಿಭಾಗದಲ್ಲಿ ಎದುರಿಗಿದ್ದವನ ಮುಖ ಕಾಣುತ್ತಿರಲಿಲ್ಲ. ಅವುಗಳ ರೆಕ್ಕೆಗೆ ಹತ್ತಿದ ಮಸಿ ಕೆರೆಯುವುದು, ಬೇರಿಂಗಿಗೆ ಗ್ರೀಸ್ ಕೊಡುವುದು, ಸವೆದ ಬೆಲ್ಟ್ ಬದಲಿಸುವುದು ಫಿಟ್ಟರ್ ಯಂಕಪ್ಪನ ಕೆಲಸ. ಬಾಗಲಕೋಟೆ ಕಡೆಯ ಈ ಯಂಕಪ್ಪನನ್ನು ಹನ್ನೊಂದು ವರ್ಷದ ಹಿಂದೆ ಕೆಲಸಕ್ಕೆ ಹಚ್ಚಿ, ಸ್ಪ್ಯಾನರ್ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವನು ಲೀಲಾಧರನೇ.

ಕಲಿಸಿದ್ದರಲ್ಲಿ ಮೊದಲನೆಯದು ಬೀಗದ ಪಾಠ. ಫ್ಯಾನು ಟೆರೇಸಿನಲ್ಲಿ, ಅದರ ಮೇನ್‌ಸ್ವಿಚ್ಚು ಕೆಳಗೆ ಪ್ಯಾನಲ್ ರೂಮಿನಲ್ಲಿ. ಕೆಳಗಿದ್ದವನಿಗೆ ಮೇಲಿದ್ದವನು ಕಾಣುವುದಿಲ್ಲ. ಅದಕ್ಕೇ ಮೇಲೆ ಹೋಗುವವನು ಸ್ವಿಚ್ಚು ಆಫ್ ಮಾಡಿ, ಅದಕ್ಕೆ ತನ್ನ ಹೆಸರಿನ ಕೆಂಪು ಬೀಗ ಹಾಕಿ, ಕೀಲಿಕೈಯನ್ನು ತನ್ನದೇ ಕಿಸೆಯಲ್ಲಿ ಇಟ್ಟುಕೊಳ್ಳಬೇಕು. ಇನ್ನೊಂದು ಕೀಲಿಕೈ ಲೀಲಾಧರನ ಡ್ರಾಯರಿನಲ್ಲಿ ಇರುತ್ತಿತ್ತು. ಬೀಗ ಹಾಕಿದವನನ್ನು ಕಣ್ಣಾರೆ ಕಾಣದೆ ಅದನ್ನು ಮುಟ್ಟಬಾರದು. ಈ ನಿಯಮವನ್ನು ಹಿಂದಿಯಲ್ಲೂ ಮರಾಠಿಯಲ್ಲೂ ಬರೆಸಿ ಗೋಡೆಗೆ ಅಂಟಿಸಿದವನೂ ಲೀಲಾಧರನೇ.

ಸೆಪ್ಟೆಂಬರಿನ ಒಂದು ಗುರುವಾರ ಮಧ್ಯಾಹ್ನ ಯಂಕಪ್ಪ ಮೂರನೇ ಫ್ಯಾನಿನ ಬೆಲ್ಟ್ ಬದಲಿಸಲು ಮೇಲೆ ಹೋಗಿದ್ದ. ಕೆಳಗೆ ಹೊಗೆ ತುಂಬುತ್ತಿತ್ತು. ಪ್ರೆಸ್ಸಿನವರು ಕೆಮ್ಮುತ್ತ ಬಾಗಿಲಿಗೆ ಬಂದು ನಿಂತಿದ್ದರು. ಪ್ಲಾಂಟ್ ಮ್ಯಾನೇಜರ್ ಹೃಷೀಕೇಶ್ ಸಾಹೇಬರು ಎರಡು ಸಲ ಫೋನ್ ಮಾಡಿದರು. ಮೂರನೇ ಸಲ ಖುದ್ದಾಗಿ ಬಂದು, “ಲೀಲಾಧರ್, ಪಾಂಚ್ ಮಿನಿಟ್ ಮೇ ಫ್ಯಾನ್ ಚಾಲೂ ಚಾಹಿಯೇ” ಎಂದು ಹೇಳಿ ಹೋದರು.

ಲೀಲಾಧರ ಯಂಕಪ್ಪನಿಗೆ ಫೋನ್ ಮಾಡಿದ. ಎತ್ತಲಿಲ್ಲ. ಆಗ ಮಧ್ಯಾಹ್ನದ ಒಂದು ಗಂಟೆ ದಾಟಿ ಊಟದ ಹೊತ್ತಾಗಿತ್ತು. ಸ್ವಲ್ಪ ಹೊತ್ತಿನ ಹಿಂದೆ ಯಂಕಪ್ಪನದರಂಥದೇ ನೀಲಿ ಹೆಲ್ಮೆಟಿನ ಯಾರೋ ಕ್ಯಾಂಟೀನಿನತ್ತ ಹೋದದ್ದನ್ನು ಅವನು ನೋಡಿದ್ದ. ಕೆಲಸ ಮುಗಿಸಿ, ಬೀಗ ತೆಗೆಯಲು ಮರೆತು ಊಟಕ್ಕೆ ಹೋಗಿದ್ದಾನೆ ಎಂದುಕೊಂಡ. ಮೂರು ಮಹಡಿ ಹತ್ತಿ ನೋಡಬಹುದಿತ್ತು. ಮೊಣಕಾಲು ನೋಯುತ್ತಿತ್ತು, ಸಾಹೇಬರು ಕಾಯುತ್ತಿದ್ದರು. ಡ್ರಾಯರಿನಿಂದ ಕೀಲಿಕೈ ತೆಗೆದ, ಬೀಗ ಬಿಚ್ಚಿದ, ಸ್ವಿಚ್ಚು ಒತ್ತಿದ.

ಟೆರೇಸಿನಲ್ಲಿ ಪೇಂಟು ಹೊಡೆಯುತ್ತಿದ್ದವನೊಬ್ಬ ಕಿರುಚುತ್ತ ಮೆಟ್ಟಿಲಿಳಿದು ಬಂದ. ಬೆಲ್ಟಿಗೂ ಅದರ ಚಕ್ರಕ್ಕೂ ನಡುವೆ ಯಂಕಪ್ಪನ ಬಲಗೈ ಸಿಕ್ಕಿತ್ತು. ಲೀಲಾಧರ ಸ್ವಿಚ್ಚು ಆಫ್ ಮಾಡಿದ. ಎಲ್ಲರೂ ಮೇಲೆ ಓಡಿದರು. ಪ್ಯಾನಲ್ ರೂಮಿನಲ್ಲಿ ಅವನೊಬ್ಬನೇ ಉಳಿದ, ಕೈಯಲ್ಲಿ ಆ ಕೆಂಪು ಬೀಗ. ಅದನ್ನು ಪ್ಯಾಂಟಿನ ಕಿಸೆಗೆ ಹಾಕಿಕೊಂಡ.

ಆಂಬ್ಯುಲೆನ್ಸ್ ಹೋದ ಮೇಲೆ ಹೃಷೀಕೇಶ್ ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ: “ಲಾಕ್ ಹೋತಾ ಕಾ?” ಬೀಗ ಇತ್ತಾ?

“ನಾಹಿ ಸಾಹೇಬ್,” ಎಂದ ಲೀಲಾಧರ.

ಯೋಚಿಸುವ ಮೊದಲೇ ಬಾಯಿಂದ ಬಿದ್ದ ಮಾತು. ಬಿದ್ದ ಮೇಲೆ ಅದು ನಿಲ್ಲಲು ಒಂದು ಊರುಗೋಲು ಬೇಕಾಯಿತು. ಸಂಜೆ ಎಲ್ಲರೂ ಹೋದ ಮೇಲೆ ಯಂಕಪ್ಪನ ಟೂಲ್‌ಬಾಕ್ಸ್ ತೆರೆದು, ಬೀಗವನ್ನು ಸ್ಪ್ಯಾನರುಗಳ ಅಡಿಗೆ ತುರುಕಿದ. ಮರುದಿನ ವಿಚಾರಣೆಗೆ ಬಂದವರಿಗೆ ಅದು ಅಲ್ಲೇ ಸಿಕ್ಕಿತು. ಬೀಗ ಪೆಟ್ಟಿಗೆಯಲ್ಲಿದ್ದರೆ ಸ್ವಿಚ್ಚಿನ ಮೇಲೆ ಇರಲಿಲ್ಲವೆಂದೇ ಅರ್ಥ ತಾನೆ?

ನಾಲ್ಕನೇ ದಿನ ಲೀಲಾಧರ ಆಸ್ಪತ್ರೆಗೆ ಹೋದ. ಮೂರು ಬೆರಳು ಹೋಗಿದ್ದವು. ಬ್ಯಾಂಡೇಜು ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದ ಯಂಕಪ್ಪ ಇವನನ್ನು ಕಂಡು ಏಳಲು ನೋಡಿದ. ಹೆಂಡತಿ ವನಮಾಲಾ ಸ್ಟೂಲು ಸರಿಸಿಕೊಟ್ಟಳು.

“ಅಣ್ಣಾರ, ನಾ ಕೀಲಿ ಹಾಕಿದಂಗ ನೆನಪೈತ್ರೀ,” ಎಂದ ಯಂಕಪ್ಪ. “ಕೀಲಿ ಜಗ್ಗಿ ನೋಡಿದ್ದೂ ನೆನಪೈತಿ. ಆದ್ರ ಕೀಲಿ ಇರಲಿಲ್ಲ ಅಂತ ನೀವು ಅಂದ್ರಂತ. ನೀವ್ಯಾಕ ಸುಳ್ಳ ಹೇಳ್ತೀರಿ? ನನ್ನ ತಲೀನ ಕೆಟ್ಟಿರಬೇಕು.” ಬ್ಯಾಂಡೇಜಿನ ಕೈ ನೋಡಿಕೊಂಡು ಮತ್ತೆ ಹೇಳಿದ, “ನನ್ನ ಕಾಲಾಗ ನಿಮಗೂ ಕೆಟ್ಟ ಹೆಸರು ಬಂತು. ಕಲಿಸಿದವರ ಮರ್ಯಾದಿ ತಗದೆ. ತಪ್ಪಾತ್ರೀ.”

ಲೀಲಾಧರನಿಗೆ ಕಿವಿಯ ತನಕ ಬಿಸಿ ಏರಿತು. “ಆಯ್ತು ಮಾರಾಯ, ಈಗ ಅದೆಲ್ಲ ಯಾಕೆ? ಮಲಗು ನೀನು,” ಎಂದು ಹೇಳಿ ಎದ್ದು ಬಂದ. ಬೈದಿದ್ದರೆ ಆಗುತ್ತಿತ್ತು. ಅವನು ಕ್ಷಮೆ ಕೇಳಿದನಲ್ಲ!

ವಿಚಾರಣೆಯ ವರದಿಯಲ್ಲಿ ‘ಕಾರ್ಮಿಕನ ಸ್ವಂತ ನಿರ್ಲಕ್ಷ್ಯ’ ಎಂದು ಬಂತು. ಗಾಯ ಮಾಗಿದ ಮೇಲೆ ಯಂಕಪ್ಪನನ್ನು ಸ್ಟೋರಿಗೆ ಹಾಕಿದರು, ಖಾಲಿ ಡಬ್ಬಿಗಳಿಗೆ ಲೇಬಲ್ ಹಚ್ಚುವ ಕೆಲಸ. ಅವನಿಗಿಂತ ಕಿರಿಯರು ‘ಭುಲಕ್ಕಡ್’, ಮರೆಗುಳಿ, ಎಂದು ಕರೆದು ನಗುತ್ತಿದ್ದರು. ಅವನೂ ನಗುತ್ತಿದ್ದ. ಲೀಲಾಧರ ಸ್ಟೋರಿನ ದಾರಿ ಬಿಟ್ಟು ಗೋಡೌನು ಸುತ್ತಿ ಓಡಾಡತೊಡಗಿದ.

ಮಾರ್ಚಿನಲ್ಲಿ ಸುರಕ್ಷಾ ಸಪ್ತಾಹ ಬಂತು. ಬೀಗದ ನಿಯಮದ ಬಗ್ಗೆ ಲೀಲಾಧರನೇ ಮಾತಾಡಬೇಕೆಂದು ಹೃಷೀಕೇಶ್ ಸಾಹೇಬರು ಹೇಳಿದರು. “ಯಂಕಪ್ಪನ ಉದಾಹರಣೆ ಕೊಡಿ. ಕಣ್ಣೆದುರಿಗೆ ಇದ್ದರೆ ಜನಕ್ಕೆ ನಾಟುತ್ತದೆ.” ಆ ವಾರವಿಡೀ ಲೀಲಾಧರ ಸರಿಯಾಗಿ ಊಟ ಮಾಡಲಿಲ್ಲ. ವೇದಿಕೆಯ ಮೇಲೆಯೇ ನಿಜ ಹೇಳಿಬಿಡುತ್ತೇನೆ ಎಂದು ಅವನು ನಿಶ್ಚಯಿಸಿದ್ದ. ಅದಕ್ಕೆ ಬೇಕಾದ ಮಾತುಗಳನ್ನು ಹಿಂದಿಯಲ್ಲಿ ಜೋಡಿಸಿ ಬಾಯಿಪಾಠವನ್ನೂ ಮಾಡಿದ್ದ.

ಆದರೆ ಮೈಕು ಕೈಗೆ ಬಂದು, ಇನ್ನೂರು ಮುಖಗಳು ತನ್ನತ್ತ ತಿರುಗಿದಾಗ ಆ ಮಾತುಗಳು ಹೊರಗೆ ಬರಲಿಲ್ಲ. ಬಂದದ್ದು ಹಳೆಯ ಪಾಠವೇ. ಸ್ವಿಚ್ಚು ಆಫ್ ಮಾಡಿ, ಬೀಗ ಹಾಕಿ, ಬಟನ್ ಒತ್ತಿ ಫ್ಯಾನು ತಿರುಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಕೈ ಹಾಕಿ. ಕೊನೆಗೆ ಅವನ ಬಾಯಿ ತಾನಾಗಿಯೇ ಎಂಬಂತೆ ಹೇಳಿತು, “ಒಂದು ಕ್ಷಣ ಮರೆತರೆ ಏನಾಗುತ್ತದೆ ನೋಡಿ. ಯಂಕಪ್ಪ, ಕೈ ಎತ್ತು.”

ಮುಂದಿನ ಸಾಲಿನಲ್ಲಿದ್ದ ಯಂಕಪ್ಪ ಎದ್ದು ನಿಂತು ಬಲಗೈ ಎತ್ತಿದ. ಹಿಂದಿನವರಿಗೂ ಕಾಣಲೆಂದು ಒಂದು ಸುತ್ತು ತಿರುಗಿದ. ಜೋರಾಗಿ ಚಪ್ಪಾಳೆ ಬಿತ್ತು.

ಲೀಲಾಧರ ವೇದಿಕೆ ಇಳಿದವನೇ ಯಾರಿಗೂ ಹೇಳದೆ ಗೇಟು ದಾಟಿದ. ಮನೆಗೆ ಬಂದರೆ ರತ್ನಾವತಿಯ ಮೊಬೈಲಿಗೆ ಆಗಲೇ ಫೋಟೋ ತಲುಪಿತ್ತು. “ಭಾಷಣ ಭಾರೀ ಚಂದ ಆಯ್ತಂತೆ ಅಲ್ವಾ? ಸೋನಾಲಿ ಸ್ಟೇಟಸ್ ಹಾಕಿದ್ದಾಳೆ,” ಎಂದಳು. ಅವನು ಅಲ್ಲೇ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಎಲ್ಲವನ್ನೂ ಹೇಳಿದ. ಆರು ತಿಂಗಳಲ್ಲಿ ಮೊದಲ ಸಲ ಆ ಮಾತು ಹೊರಗೆ ಬಿತ್ತು.

ರತ್ನಾವತಿ ಗ್ಯಾಸ್ ಆರಿಸಿ, “ಆಸ್ಪತ್ರೆಗೆ ನಾನೂ ಹಲಸಿನೆಲೆಯ ಕೊಟ್ಟೆ ಕಡುಬು ಕಟ್ಟಿ ಕಳಿಸಿದ್ದೆ,” ಎಂದಳು. “ಆ ಹೆಂಗಸು ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ್ಲು. ಇನ್ನು ನಾನು ಅವಳಿಗೆ ಯಾವ ಮುಖ ತೋರಿಸುವುದು?” ಸೋನಾಲಿಯ ಫೋನ್ ಇಸಿದುಕೊಂಡು ತಾನೇ ಆ ಫೋಟೋ ತೆಗೆದುಹಾಕಿದಳು.

ಭಾನುವಾರ ಬೆಳಿಗ್ಗೆ ಲೀಲಾಧರ ವಿಠ್ಠಲವಾಡಿಯ ಯಂಕಪ್ಪನ ಮನೆಗೆ ಹೋದ. ಸ್ಟೇಷನ್ನಿನಿಂದ ಹತ್ತು ನಿಮಿಷದ ದೂರದಲ್ಲಿ ವಠಾರದಂಥ ಚಾಳು. ಯಂಕಪ್ಪ ಸಂತೆಗೆ ಹೋಗಿದ್ದ. ವನಮಾಲಾ ಚಹಾ ಇಟ್ಟು, “ಬರ್ತಾರ್ರೀ, ಅರ್ಧ ದಾರಿಗೆ ಹೋಗಿ ಹೊಳ್ಳಿ ಬಂದು ಮತ್ತ ಹೋಗ್ಯಾರ,” ಎಂದಳು. “ಏನರ ಮರತೀನಿ ಅನ್ನೋ ಅಂಜಿಕಿ. ಇದು ನೋಡ್ರಿ.”

ಅವಳು ಕೊಟ್ಟದ್ದು ಸಣ್ಣದೊಂದು ಪಾಕೆಟ್ ಪುಸ್ತಕ. ಎಡಗೈಯಲ್ಲಿ ಬರೆದ ವಕ್ರ ಅಕ್ಷರಗಳು. ‘ಗ್ಯಾಸ್ ಬಂದ್, ೭-೧೦. ನಳ ಬಂದ್, ೭-೧೨. ಬಾಗಲ ಹಾಕೀನಿ, ೭-೧೫. ಜಗ್ಗಿ ನೋಡೀನಿ.’ ಪುಟದ ನಂತರ ಪುಟ ಇದೇ. ಕೆಲವು ಸಾಲುಗಳ ಕೆಳಗೆ, ‘ಖರೇನ ಹಾಕೀನಿ.’

ಲೀಲಾಧರ ಪುಸ್ತಕ ಮುಚ್ಚಿದ. ಬೆರಳು ತೆಗೆದದ್ದು ಯಂತ್ರ ಎಂದು ತನ್ನನ್ನು ತಾನು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದ. ಇದನ್ನು ಯಾವ ಯಂತ್ರದ ತಲೆಗೆ ಕಟ್ಟುವುದು?

ಯಂಕಪ್ಪ ಚೀಲ ಹಿಡಿದು ಒಳಗೆ ಬಂದ. “ಅಣ್ಣಾರ! ಹೇಳಿಕಳಿಸಿದ್ರ ಸ್ಟೇಷನ್ನಿಗೆ ಬರ್ತಿದ್ದೆ,” ಎಂದ.

“ಯಂಕಪ್ಪ, ಕೂತ್ಕೋ. ನೀನು ಬೀಗ ಹಾಕಿದ್ದೆ,” ಎಂದ ಲೀಲಾಧರ. ತಲೆ ಎತ್ತಲಾಗಲಿಲ್ಲ, ನೆಲ ನೋಡಿಕೊಂಡೇ ಹೇಳಿದ. “ತೆಗೆದದ್ದು ನಾನು. ಮೇಲೆ ಹತ್ತಿ ನೋಡದೆ ಸ್ವಿಚ್ಚು ಹಾಕಿದೆ. ಆಮೇಲೆ ಬೀಗವನ್ನು ನಿನ್ನ ಪೆಟ್ಟಿಗೆಯಲ್ಲಿ ಇಟ್ಟವನೂ ನಾನೇ.”

ಯಂಕಪ್ಪ ಬೈಯಲಿಲ್ಲ. ಅವನ ಮುಖ ಮೆಲ್ಲಗೆ ಅರಳತೊಡಗಿದ್ದನ್ನು ನೋಡಿ ಲೀಲಾಧರನಿಗೆ ಭಯವಾಯಿತು.

“ವನಮಾಲಾ! ಕೇಳಿದೇನ?” ಯಂಕಪ್ಪ ಕೂಗಿದ. “ನಾ ಹಾಕಿದ್ದೆ! ನಾ ಹೇಳಿದ್ನಿಲ್ಲೋ, ಜಗ್ಗಿ ನೋಡಿದ್ದೆ ಅಂತ? ನನ್ನ ತಲಿ ಸರಿ ಐತಿ! ನನಗೇನೂ ಆಗಿಲ್ಲ!” ಅವನು ನಗುತ್ತಿದ್ದ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ವನಮಾಲಾ ಸೆರಗು ಬಾಯಿಗೊತ್ತಿಕೊಂಡು ಗೋಡೆಗೆ ಒರಗಿದ್ದಳು. ಅವಳು ನಗಲಿಲ್ಲ.

ನಗು ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಯಂಕಪ್ಪ ಲೀಲಾಧರನನ್ನು ದಿಟ್ಟಿಸಿದ, ಯಾವನೋ ಗುರುತಿಲ್ಲದವನು ಮನೆಯೊಳಗೆ ಕೂತಿದ್ದಾನೆ ಎಂಬಂತೆ.

“ಬೆರಳು ಹೋದ್ವು, ಹೋಗಲಿ. ಗಡಿಬಿಡ್ಯಾಗ ಆಗತೈತಿ. ಆದ್ರ ಆರು ತಿಂಗಳು ನಾ ನನ್ನನ್ನ ನಂಬದಂಗ ಮಾಡಿದ್ರಲ್ಲಾ. ಮೊನ್ನೆ ಕೈ ಎತ್ತು ಅಂದ್ರಿ, ಎತ್ತಿದೆ,” ಎಂದ. ಅವನ ದನಿ ಏರಲಿಲ್ಲ. “ನಾಳೆ ಅಲ್ಲೇ, ಆ ಮಂದಿ ಮುಂದ ಹೇಳ್ರಿ. ಈಗ ಎದ್ದು ಹೋಗ್ರಿ. ಚಾ ಕುಡೀಬ್ಯಾಡ್ರಿ.”

ಲೀಲಾಧರ ಲೋಟ ಕೆಳಗಿಟ್ಟು ಎದ್ದ.

ಸೋಮವಾರ ಅವನು ಹೃಷೀಕೇಶ್ ಸಾಹೇಬರಿಗೆ ಬರೆದು ಕೊಟ್ಟ. ಸಾಹೇಬರು ಕಾಗದ ಮಡಚಿ, “ಆದದ್ದು ಆಯಿತು, ಮತ್ತೆ ಯಾಕೆ ಕೆದಕುತ್ತೀರಿ?” ಎಂದು ಬಾಗಿಲು ಮುಚ್ಚಿದರು. ಲೀಲಾಧರ ಬಾಗಿಲು ತೆಗೆದು ಹೊರಗೆ ಬಂದು, ಶಿಫ್ಟ್ ಬದಲಾಗುವ ಹೊತ್ತಿಗೆ ಪ್ರೆಸ್ ವಿಭಾಗದ ಎದುರು ನಿಂತು ಹೇಳಿದ. ಈ ಸಲ ಮೈಕಿರಲಿಲ್ಲ, ಎರಡು ಸಲ ಹೇಳಬೇಕಾಯಿತು. ಯಾರೋ ಥೂ ಎಂದರು. ಯಂಕಪ್ಪ ಸ್ಟೋರಿನ ಬಾಗಿಲಲ್ಲಿ ಕೈಕಟ್ಟಿ ನಿಂತು ಕೊನೆಯ ತನಕ ಕೇಳಿ ಒಳಗೆ ಹೋದ.

ಲೀಲಾಧರನ ಕೆಲಸ ಹೋಯಿತು. ವಿಚಾರಣೆ ಮತ್ತೆ ನಡೆದು ವರದಿ ತಿದ್ದಿದರು. ಟೆರೇಸಿಗೆ ಯಾರೇ ಹೋಗುವ ಮೊದಲು ಅವರು ಹಾಕಿದ ಬೀಗ ಪರೀಕ್ಷಿಸಿ ಕಳಿಸುವ ಜವಾಬ್ದಾರಿ ಯಂಕಪ್ಪನಿಗೆ ಬಂತು. ಈ ಸುದ್ದಿ ಲೀಲಾಧರನಿಗೆ ಬೇರೆಯವರಿಂದ ತಿಳಿಯಿತು. ಯಂಕಪ್ಪ ಅವನೊಡನೆ ಮತ್ತೆ ಮಾತಾಡಲಿಲ್ಲ. ಒಮ್ಮೆ ಕಲ್ಯಾಣ್ ಸ್ಟೇಷನ್ನಿನ ಬ್ರಿಜ್ಜಿನ ಮೇಲೆ ಎದುರಾದಾಗ ಕಣ್ಣಿಗೆ ಕಣ್ಣು ಸೇರಿತು. ಯಂಕಪ್ಪ ಜನರ ನಡುವೆ ಅವಸರವಿಲ್ಲದೆ ನಡೆದುಹೋದ.

ಮೇ ತಿಂಗಳಲ್ಲಿ ಸಾನಪಾಡಾದ ಒಂದು ಹೋಟೆಲಿನ ಅಡುಗೆಮನೆಯ ಹೊಗೆ ಫ್ಯಾನು ಸರ್ವಿಸ್ ಮಾಡುವವರು ಬೇಕೆಂದು ಗೊತ್ತಾಗಿ ಲೀಲಾಧರ ಅಲ್ಲಿಗೆ ಹೋದ. ಮಾಲೀಕರು ಉಡುಪಿ ಕಡೆಯವರು. ಊರು, ಮನೆ, ಸಂಬಂಧ ಎಲ್ಲ ವಿಚಾರಿಸಿ, ಹತ್ತೊಂಬತ್ತು ವರ್ಷದ ಅನುಭವ ಕೇಳಿ ಖುಷಿಯಾದರು.

“ಹಾಗಾದರೆ ಅಷ್ಟು ಒಳ್ಳೆ ಕಂಪನಿ ಬಿಟ್ಟದ್ದು ಯಾಕೆ ಮಾರಾಯ್ರೆ?” ಎಂದು ಕೇಳಿದರು.

ವಯಸ್ಸಾಯಿತು, ದೂರವಾಗುತ್ತಿತ್ತು ಎನ್ನಬಹುದಿತ್ತು. ಲೀಲಾಧರನ ಕಿವಿಗಳು ಮತ್ತೆ ಬಿಸಿಯಾದವು. “ಬಿಟ್ಟದ್ದಲ್ಲ, ತೆಗೆದದ್ದು,” ಎಂದು ಅವನು ಮೊದಲಿನಿಂದ ಹೇಳತೊಡಗಿದ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಮಾಲೀಕರ ಮುಖದ ನಗು ಮಾಸುತ್ತ ಹೋಯಿತು. ಅವನು ಯಾವುದನ್ನೂ ಬಿಡದೆ ಹೇಳಿದ.