ಹಕ್ಕಿಗೆ ಬಿಟ್ಟ ಜಾಗ

ನಮ್ಮ ಮೇದಾನ್ ನಗರದಲ್ಲಿ ಸತ್ತರೂ ಹೂಹಲಗೆ, ಮದುವೆಯಾದರೂ ಹೂಹಲಗೆ. ಆಳೆತ್ತರದ, ಅದಕ್ಕೂ ಹೆಚ್ಚು ಅಗಲದ ಹಲಗೆಗೆ ಬಟ್ಟೆ ಹೊದಿಸಿ, ಕಾಗದದ ಹೂಗಳನ್ನು ಒತ್ತೊತ್ತಾಗಿ ಚುಚ್ಚಿ, ಕಳಿಸಿದವರ ಹೆಸರನ್ನು ಹೂವಿಗಿಂತ ದೊಡ್ಡದಾಗಿ ಬರೆದು ಮನೆಯ ಮುಂದೆ ನಿಲ್ಲಿಸುತ್ತಾರೆ. ನಮ್ಮ ವಿಶ್ವವಿದ್ಯಾಲಯವೂ ಹಾಗೆ ಎಷ್ಟೋ ಹಲಗೆ ಕಳಿಸಿತ್ತು. ಅವುಗಳ ಮೇಲಿನ ಹಕ್ಕಿ ಬಾತುಕೋಳಿಯ ಹಾಗಿದೆ ಎಂದು ತಿಯೂರ್ಮಾ ಬರುವತನಕ ಯಾರೂ ತಲೆಕೆಡಿಸಿಕೊಂಡಿರಲಿಲ್ಲ.

ಆ ಹಕ್ಕಿ ನಮ್ಮ ಲಾಂಛನ, ನೀಲಿ ಮಂಗಟ್ಟೆ. ಅದನ್ನು ಕಾಯುವುದೇ ತಿಯೂರ್ಮಾಳ ಹುದ್ದೆ. ನಾನು ಅದೇ ಕಚೇರಿಯಲ್ಲಿ ಅವಳ ಎದುರಿನ ಮೇಜಿನವಳು. ಅವಳು ಬರೆದ ಕೈಪಿಡಿಯ ಪ್ರಕಾರ ಹಕ್ಕಿಯನ್ನು ಓರೆ ಮಾಡಬಾರದು, ಬೇರೆ ಬಣ್ಣ ಬಳಿಯಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಅದರ ಸುತ್ತ ಧಾರಾಳವಾಗಿ ಖಾಲಿ ಜಾಗ ಬಿಡಬೇಕು. ಫುಟ್‌ಬಾಲ್ ತಂಡದವರು ಹಕ್ಕಿಯ ಕೊಕ್ಕಿಗೆ ಚೆಂಡು ಕಚ್ಚಿಸಿದ ಚಿತ್ರ ಹಾಕಿಕೊಂಡಾಗ ಅವಳು ಮೈದಾನಕ್ಕೇ ಹೋಗಿ ಹನ್ನೊಂದು ಜನರ ಅಂಗಿ ಬಿಚ್ಚಿಸಿದ್ದಳು. ಅವಳು ಪಡಸಾಲೆಯಲ್ಲಿ ಬರುವುದು ಕಂಡರೆ ಪ್ರಾಧ್ಯಾಪಕರು ಪಾಠದ ನಡುವೆಯೇ ಪ್ರೊಜೆಕ್ಟರ್ ಆರಿಸುತ್ತಿದ್ದರು.

ಹೀಗಿರುವಾಗ, ನಮ್ಮ ಕಟ್ಟಡಗಳಿಗೆ ಜಮೀನು ದಾನ ಕೊಟ್ಟಿದ್ದ ಅಜ್ಜಿ ತೀರಿಕೊಂಡರು. ಮೊಮ್ಮಕ್ಕಳು, ಮರಿಮಕ್ಕಳನ್ನು ಕಂಡು ಹೋದ ಜೀವ. ನಮ್ಮ ಬಟಾಕ್ ಜನಾಂಗದಲ್ಲಿ ಅಂಥ ಸಾವಿಗೆ ಯಾರೂ ಅಳುವುದಿಲ್ಲ, ಡೋಲು ಬಡಿದು ಕುಣಿಯುತ್ತಾರೆ. ಇಡೀ ಊರೇ ಬರುವ ಸಾವು, ನಮ್ಮ ಹಲಗೆ ಎದ್ದು ಕಾಣಬೇಕು ಎಂದು ಕುಲಪತಿಗಳು ಅಪ್ಪಣೆ ಮಾಡಿದರು. ತಿಯೂರ್ಮಾ ನನ್ನನ್ನು ಜೊತೆಗೆ ಕರೆದುಕೊಂಡು ಹಲಗೆ ಮಾಡುವ ಪೋಲ್ತಾಕನ ಅಂಗಡಿಗೆ ಹೋದಳು. ತಾನು ಬರೆದ ನಕ್ಷೆಯನ್ನು ಬಿಡಿಸಿ ತೋರಿಸಿದಳು: ಹಲಗೆಯೆಲ್ಲ ಬಿಳಿ, ಮೇಲಿನ ಬಲಮೂಲೆಯಲ್ಲಿ ಬೀಸಣಿಗೆಯಗಲದ ಹಕ್ಕಿ, ಅದರ ಕೆಳಗೆ ಒಂದು ಸಾಲು ಬರಹ.

ಪೋಲ್ತಾಕ್ ನಕ್ಷೆಯನ್ನು ತಿರುಗಿಸಿ ಹಿಂಬದಿಯಲ್ಲೇನಾದರೂ ಇದೆಯೇ ಎಂದು ನೋಡಿದ.

"ಇತೊ," ಎಂದ. ನಮ್ಮಲ್ಲಿ ಗಂಡು ಹೆಣ್ಣು ಒಡಹುಟ್ಟಿದವರ ಹಾಗೆ ಕರೆದುಕೊಳ್ಳುವುದು ಹೀಗೇ. "ಸಾವಿನ ಮನೆ ಮುಂದೆ ಇದನ್ನ ನಿಲ್ಲಿಸಿದ್ರೆ ಜನ ಏನಂತಾರೆ? ಹೂ ತೀರ್ಹೋಯ್ತು ಅಂತಾರೆ. ಇಲ್ಲಾ, ಪೋಲ್ತಾಕ್ ಅರ್ಧ ಮಾಡಿ ಕುಡಿಯೋಕೆ ಹೋದ ಅಂತಾರೆ."

"ಅದು ಹಕ್ಕಿ ಉಸಿರಾಡೋಕೆ ಬಿಟ್ಟಿರೋ ಜಾಗ, ಇತೊ."

"ಥರ್ಮೊಕೋಲ್ ಹಕ್ಕಿ?"

ತಿಯೂರ್ಮಾ ಜಗ್ಗಲಿಲ್ಲ. ಅವನು ಗೊಣಗುತ್ತಲೇ ಹೇಳಿದಂತೆ ಮಾಡಿಕೊಟ್ಟ. ಆದರೂ ಇರಲಿ ಎಂದು ಒಂದು ಚೀಲ ಕಿತ್ತಳೆ ಹೂವನ್ನು ಗಾಡಿಗೆ ಹಾಕಿಕೊಂಡೇ ಬಂದ.

ಅಜ್ಜಿಯ ಮನೆಯ ಬೀದಿಯುದ್ದಕ್ಕೂ ಕೆಂಪು, ಹಳದಿ, ನೇರಳೆ ಹಲಗೆಗಳು ತಲೆಗೆ ತಲೆ ತಾಗಿಸಿ ನಿಂತಿದ್ದವು. ಅವುಗಳ ನಡುವೆ ನಮ್ಮದು ಬಾಯಲ್ಲಿ ಹಲ್ಲು ಬಿದ್ದ ಜಾಗದಂತೆ ಕಂಡಿತು. ಅಜ್ಜಿಯ ಹಿರಿಮಗ ಬಿನ್ಸಾರ್, ಹೆಗಲ ಮೇಲೆ ಉಲೊಸ್ ಶಾಲು ಹೊದ್ದು ಬಂದವರನ್ನು ಮಾತಾಡಿಸುತ್ತಿದ್ದವರು, ಅದರ ಮುಂದೆ ಬಂದು ನಿಂತರು.

"ಮಗಳೇ, ನಮ್ಮಮ್ಮ ನಿಮಗೆ ಅಷ್ಟಗಲ ಜಮೀನು ಕೊಟ್ಟಳು. ನಿಮ್ಮ ಕೈಲಿ ಒಂದ್ ಹಿಡಿ ಹೂ ಕೊಡೋಕಾಗ್ಲಿಲ್ವಾ?"

"ಅಮಾಂಗ್, ನಮ್ಮ ನಿಯಮದಲ್ಲಿ ಜಾಗ ಬಿಡೋದೇ ಮರ್ಯಾದೆ," ಎಂದಳು ತಿಯೂರ್ಮಾ. ಅಪ್ಪನ ವಯಸ್ಸಿನವರನ್ನು ನಾವು ಅಮಾಂಗ್ ಎನ್ನುತ್ತೇವೆ.

"ಈ ಮನೇಲಿ ನಾವು ಒಂಬತ್ತು ಜನ ಒಂದೇ ಚಾಪೆ ಮೇಲೆ ಮಲಗಿ ಬೆಳೆದ್ವಿ. ನಮ್ಮಲ್ಲಿ ಯಾವನಿಗೂ ಇಷ್ಟು ಮರ್ಯಾದೆ ಸಿಕ್ಕಿರ್ಲಿಲ್ಲ."

ಪೋಲ್ತಾಕ್ ಚೀಲದ ಗಂಟು ಬಿಚ್ಚತೊಡಗಿದ. ತಿಯೂರ್ಮಾ ಹಲಗೆಗೆ ಅಡ್ಡ ನಿಂತಳು. ಈ ಎಳೆದಾಟ ನಡೆಯುತ್ತಿರುವಾಗ ಜಕಾರ್ತಾದಿಂದ ಬಂದಿದ್ದ ಮೊಮ್ಮಗಳೊಬ್ಬಳು, ಒಂದು ನಿಮಿಷ ಪಕ್ಕಕ್ಕೆ ಬನ್ನಿ ಎಂದು ಇಬ್ಬರನ್ನೂ ಸರಿಸಿ, ಗಂಡ ಮಕ್ಕಳ ಸಮೇತ ಆ ಬಿಳಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡಳು. ಬೇರೆ ಹಲಗೆಗಳ ಮುಂದೆ ನಿಂತರೆ ಎಲ್ಲರ ತಲೆಯಿಂದಲೂ ಹೂ ಮೊಳೆತಂತೆ ಬರುತ್ತಿತ್ತು. ಇಲ್ಲಿ ಮುಖಗಳು ತೊಳೆದಿಟ್ಟಂತೆ ಬಂದವು. ಅವಳು ತೋರಿಸಿದ್ದೇ ತಡ, ಚಿಕ್ಕಮ್ಮಂದಿರು ಸಾಲುಗಟ್ಟಿದರು.

ತಿಯೂರ್ಮಾಳಿಗೆ ಸಮಾಧಾನವಾಗಬೇಕಿತ್ತು. ಆದರೆ ಎಲ್ಲರೂ ಹಕ್ಕಿಗೇ ಒರಗಿ ನಿಲ್ಲುತ್ತಿದ್ದರು. ಅವಳು ಮೊದಲು ವಿನಯದಿಂದ, ಆಮೇಲೆ ತೋಳು ಹಿಡಿದು ಎಡಕ್ಕೆ ಸರಿಸತೊಡಗಿದಳು. ಸರಿಸುತ್ತ ಸರಿಸುತ್ತ ಎತ್ತರದವರನ್ನು ಹಿಂದಕ್ಕೆ ಕಳಿಸಿದಳು, ಸೊಟ್ಟಗಾದ ಶಾಲು ನೇರ ಮಾಡಿದಳು, ಮಾತು ಬಿಟ್ಟಿದ್ದ ಇಬ್ಬರು ಓರಗಿತ್ತಿಯರನ್ನು ಗೊತ್ತಿಲ್ಲದೆ ಒಂದೇ ಸಾಲಿನಲ್ಲಿ ನಿಲ್ಲಿಸಿಬಿಟ್ಟಳು. ಫೋಟೊ ತೆಗೆಸಿಕೊಡುವ ಅಕ್ಕ ಯಾರು ಎಂದು ಜನ ಕೇಳಿಕೊಂಡು ಬರುವಂತಾಯಿತು.

ಕೊನೆಗೆ ಬಿನ್ಸಾರರೇ ಒಡಹುಟ್ಟಿದವರನ್ನು, ಅವರ ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದರು. ಎಷ್ಟು ಒತ್ತಿ ನಿಂತರೂ ಒಂದು ತುದಿ ಹೊರಗುಳಿಯುತ್ತಿತ್ತು. ಇನ್ನೊಂದು ತುದಿಯವರ ತಲೆಗಳು ಹಕ್ಕಿಯನ್ನು ಮುಚ್ಚುತ್ತಿದ್ದವು. ಅರ್ಧ ಮುಚ್ಚಿದ ಹಕ್ಕಿ ಕೈಪಿಡಿಯಲ್ಲಿ ಅತಿ ದೊಡ್ಡ ಅಪರಾಧ. ತಿಯೂರ್ಮಾ ಹಕ್ಕಿಯನ್ನು ನೋಡಿದಳು, ಆ ಜನವನ್ನು ನೋಡಿದಳು. ಅಷ್ಟು ಜನ ಮತ್ತೆಂದಾದರೂ ಒಟ್ಟಿಗೆ ನಿಲ್ಲುತ್ತಾರೋ ಇಲ್ಲವೋ. ಅವಳು ಕುರ್ಚಿ ಹತ್ತಿ, ಹಕ್ಕಿಯನ್ನೂ ಅಕ್ಷರಗಳನ್ನೂ ಕಿತ್ತು ಕೆಳಗೆ ಕೊಟ್ಟಳು. "ಈಗ ಎಲ್ಲಾ ಸರ್ಕೊಂಡು ಬನ್ನಿ," ಎಂದಳು.

ಕುಲಪತಿಗಳು ಕಾರಿನಿಂದ ಇಳಿದದ್ದು ಆಗಲೇ. ಎದ್ದು ಕಾಣಬೇಕೆಂದಿದ್ದ ಹಲಗೆಯಲ್ಲಿ ವಿಶ್ವವಿದ್ಯಾಲಯದ ಸುಳಿವೇ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕೂತ ಅತ್ತೆಯೊಬ್ಬರು ನಮ್ಮ ಮಂಗಟ್ಟೆಯನ್ನು ತಲೆಕೆಳಗಾಗಿ ಹಿಡಿದು ಗಾಳಿ ಬೀಸಿಕೊಳ್ಳುತ್ತಿದ್ದರು. ಕುಲಪತಿಗಳು ಬಾಯಿ ತೆರೆಯುವಷ್ಟರಲ್ಲಿ ಬಿನ್ಸಾರ್ ಅವರ ಎರಡೂ ಕೈ ಹಿಡಿದು, ಊರವರೆಲ್ಲ ತಮ್ಮ ತಮ್ಮ ಹೆಸರು ಬರೆಸಿ ಕಳಿಸಿದರು, ನೀವೊಬ್ಬರೇ ನಮಗೆ ನಿಲ್ಲಲು ಜಾಗ ಕಳಿಸಿದಿರಿ ಎಂದರು. ಕುಲಪತಿಗಳು ಅದೆಲ್ಲ ಮೊದಲೇ ಯೋಚಿಸಿ ಮಾಡಿದ್ದು ಎಂಬಂತೆ ಗಂಭೀರವಾಗಿ ತಲೆಯಾಡಿಸಿದರು. ತಿಯೂರ್ಮಾಳನ್ನು ಮಾತ್ರ ಒಮ್ಮೆ ದುರುಗುಟ್ಟಿ ನೋಡಿದರು. ಅಷ್ಟರಲ್ಲಿ ಅತ್ತೆ ಎದ್ದು ಅವರನ್ನೂ ಅವಳನ್ನೂ ಕುಣಿತಕ್ಕೆ ಎಳೆದರು.

ಆ ಫೋಟೊ ಈಗ ನಮ್ಮ ಸಭಾಂಗಣದಲ್ಲಿದೆ. ಪೋಲ್ತಾಕನ ಅಂಗಡಿಯಲ್ಲಿ ಬಿಳಿ ಹಲಗೆಗೆ ಬೇಡಿಕೆಯೋ ಬೇಡಿಕೆ, ಮದುವೆಯವರೂ ಕೇಳುತ್ತಾರಂತೆ. ಎಷ್ಟು ಜನಕ್ಕೆ ಎಷ್ಟಗಲ, ಯಾರು ಎಲ್ಲಿ ನಿಲ್ಲಬೇಕು ಎಂದು ತಿಯೂರ್ಮಾ ಅವನಿಗೊಂದು ನಕ್ಷೆ ಬರೆದುಕೊಟ್ಟಿದ್ದಾಳೆ. ಅವನದನ್ನು ಗೋಡೆಗೆ ಅಂಟಿಸಿಕೊಂಡು ಅಕ್ಷರಶಃ ಪಾಲಿಸುತ್ತಾನೆ. ಮೊನ್ನೆ ಅಲ್ಲಿಗೆ ಹೋಗಿ ಬಂದವಳು, ನಮ್ಮ ವಿಶ್ವವಿದ್ಯಾಲಯದ ಯಾವುದಾದರೂ ವಿಭಾಗದವರು ಇಷ್ಟು ಮಾತು ಕೇಳಿದ್ದರೆ ತನಗೆ ಇಷ್ಟು ಬೇಗ ಕೂದಲು ನೆರೆಯುತ್ತಿರಲಿಲ್ಲ ಎಂದು ನಗುತ್ತಾ ಹೇಳಿದಳು.