ಪಾಂಡುವಿನ ಕಾಲು ಎಗರಿದ್ದು

ಬೇಲಿ ಜಗಳದಲ್ಲಿ ಭಾಸ್ಕರ ಗುದ್ದಲಿ ಕಾವಿನಿಂದ ದಾಯಾದಿ ಪಾಂಡುವಿನ ಬೆನ್ನು ಮುರಿದಿದ್ದ. ಪಾಂಡುವಿನ ಎರಡೂ ಕಾಲು ಸ್ವಾಧೀನ ತಪ್ಪಿವೆ ಎಂದು ಜನ ಹೇಳಿದರೂ ಭಾಸ್ಕರ ನಂಬಿರಲಿಲ್ಲ. ಕರ್ಕಿಯ ಯಕ್ಷಗಾನ ಮೇಳದಲ್ಲಿ ರಕ್ಕಸನಾಗಿ ಸತ್ತು ಬಿದ್ದು, ಆಮೇಲೆ ವೇಷ ಕಳಚುವ ಚೌಕಿಗೆ ಬಂದು ಬೀಡಿ ಹಚ್ಚುತ್ತಿದ್ದವನಲ್ಲವೇ ಪಾಂಡು! ತನ್ನನ್ನು ಜೈಲಿಗೆ ಕಳಿಸಲು ವೇಷ ಕಟ್ಟಿದ್ದಾನೆ ಎಂದುಕೊಂಡೇ, ತಿಂಗಳು ಕಳೆದ ಮೇಲೆ ಹೊನ್ನಾವರದ ಆಸ್ಪತ್ರೆಗೆ ಬಂದ.

ಡಾಕ್ಟರು ಪುಟ್ಟ ಸುತ್ತಿಗೆಯಿಂದ ಪಾಂಡುವಿನ ಮಂಡಿಯ ಕೆಳಗೆ ತಟ್ಟಿದರು. ಕಾಲು ರಪ್ಪನೆ ಎಗರಿತು.

"ಕಂಡ್ರಾ ನಾಟಕ! ಏಳಾ ರಕ್ಕಸ!" ಭಾಸ್ಕರ ಅವನ ಕೂದಲು ಹಿಡಿದು ಮಂಚದಿಂದ ಕೆಳಕ್ಕೆಳೆದ. ಪಾಂಡು ಅಕ್ಕಿಮೂಟೆಯಂತೆ ಬಿದ್ದ. ಹಣೆ ಕಬ್ಬಿಣದ ಮಂಚಕ್ಕೆ ಬಡಿದು ಒಡೆಯಿತು, ರಕ್ತ ಬಾಯಿಗಿಳಿಯಿತು.

"ಎಂತ ಮಾಡ್ದ್ಯೋ ಪಾಪಿ!" ಎಂದು ಪಾಂಡುವಿನ ಹೆಂಡತಿ ತಿಮ್ಮಿ ಚೀರಿದಳು.

ಡಾಕ್ಟರು ಭಾಸ್ಕರನನ್ನು ಗೋಡೆಗೆ ತಳ್ಳಿದರು. "ಅದು ರಿಫ್ಲೆಕ್ಸ್! ನರದ ಸುದ್ದಿ ಬೆನ್ನುಹುರಿಗೆ ಹೋಗಿ ಅಲ್ಲಿಂದಲೇ ತಿರುಗ್ತದೆ. ಹುರಿ ಮೇಲ್ಗಡೆ ಜಜ್ಜಿಹೋಗಿದೆ, ಮೆದುಳಿಗೆ ಎಂತದೂ ಮುಟ್ಟೂದಿಲ್ಲ."

ಭಾಸ್ಕರ ಪಾಂಡುವನ್ನು ಎತ್ತಿ ಮಲಗಿಸುವಾಗ ಆ ಕಾಲು ಮತ್ತೆ ಎಗರಿ ಅವನ ದವಡೆಗೆ ಬಡಿಯಿತು. "ನೀನೇ ಒದ್ದೆ ಅಲ್ದನಾ? ಇನ್ನೊಂದು ಒದಿ," ಎಂದು ಆಸೆಯಿಂದ ಪಾಂಡುವಿನ ಮುಖ ನೋಡಿದ.

"ಒದ್ದದ್ದು ಯಾರಾ?" ಎಂದು ಕೇಳಿದ ಪಾಂಡು.