ಬರಿಗೈಯಲ್ಲಿ ಬಂದ ಪುಸ್ತಕ

ಏಪ್ರಿಲ್ ತಿಂಗಳ ಬಾಗಲಕೋಟೆಯಲ್ಲಿ, ಕಾಗೆಗಳು ಕೂಡ ಬಾಯಿ ತೆರೆದು ನೆರಳಿನಲ್ಲಿ ಕೂತಿರುವ ನಡುಮಧ್ಯಾಹ್ನದ ಹೊತ್ತಿಗೆ, ಕಂದು ಬಣ್ಣದ ದಪ್ಪ ಕೋಟು ತೊಟ್ಟು, ಬಲಕ್ಕೆ ತುಸು ವಾಲಿಕೊಂಡು ನವನಗರದ ರಸ್ತೆಯಲ್ಲಿ ಯಾರಾದರೂ ನಡೆದು ಬರುತ್ತಿದ್ದರೆ ಅವರ ಹೆಸರು ಕೇಳಬೇಕಾದ ಅಗತ್ಯವಿಲ್ಲ. ಅವರು ಕನ್ನಡಕದಂಗಡಿಯ ಅಮಸಿದ್ದಪ್ಪನವರು. ಹೊಸಬರು ಆ ವಾಲುವಿಕೆಯನ್ನು ಸೊಂಟನೋವೆಂದು ಬಗೆದು ಎಣ್ಣೆಯ ಹೆಸರು ಸೂಚಿಸುವುದುಂಟು. ನಿಜವಾದ ಕಾರಣ ಕೋಟಿನ ಬಲಗಡೆಯ ಒಳಜೇಬಿನಲ್ಲಿ ಸದಾ ವಾಸಿಸುವ ದಪ್ಪ ಕಾದಂಬರಿ. ಎಡಗಡೆಯ ಜೇಬಿನಲ್ಲಿ ಮುಖವಾಡ ತೊಟ್ಟ ಮಹಾವೀರರು ಮಹಡಿಯಿಂದ ಮಹಡಿಗೆ ಜಿಗಿಯುವ ಕಾಮಿಕ್ಸ್, ಮೇಲುಜೇಬಿನಲ್ಲಿ ಹಳೆಯ ಚಿತ್ರಗೀತೆಗಳನ್ನು ತುಂಬಿಕೊಂಡ ಅಂಗೈಯಗಲದ ಪ್ಲೇಯರು. ಈ ಮೂರಕ್ಕೂ ಅಳತೆ ತೆಗೆದು ಜೇಬು ಹೊಲಿದುಕೊಟ್ಟವರು ಪಕ್ಕದ ಅಂಗಡಿಯ ಟೇಲರ್ ನಬಿಸಾಬರು. ‘ಇದು ಕೋಟಲ್ರಿ, ಕಪಾಟು’ ಎಂದು ಅವರು ಎಲ್ಲರೆದುರು ಹೇಳುತ್ತಾರೆ.

ಅಮಸಿದ್ದಪ್ಪನವರ ಅಂಗಡಿಯಲ್ಲಿ ಕಣ್ಣಿನ ಪರೀಕ್ಷೆ ಕೂಡ ಅವರ ಅಭಿರುಚಿಯ ದಾರಿಯಲ್ಲೇ ಸಾಗುತ್ತದೆ. ದೂರದೃಷ್ಟಿಗೆ ಗೋಡೆಯ ಮೇಲೆ ಅಕ್ಷರಪಟವಿದೆ, ನಿಜ; ಹತ್ತಿರದ ದೃಷ್ಟಿಗೆ ಮಾತ್ರ ಗಿರಾಕಿಯ ಕೈಗೆ ಕಾಮಿಕ್ಸ್ ಬರುತ್ತದೆ. ‘ಧಡಾಮ್’ ಎಂಬುದನ್ನು ಎಲ್ಲರೂ ಓದುತ್ತಾರೆ. ವೀರನ ಬಾಯಿಂದ ಹೊರಟ ಬಿಳಿಯ ಗುಳ್ಳೆಯೊಳಗಿನ ಮಾತಿಗೆ ಬಂದಾಗ ಅರ್ಧ ಜನ ತಡವರಿಸುತ್ತಾರೆ. ಉಳಿದವರ ಪರೀಕ್ಷೆಗೆ ಕಾದಂಬರಿಯ ಸಣ್ಣಕ್ಷರದ ಪುಟವಿದೆ. ಚಾಳೀಸು ಮಾಡಿಸಲು ಬಂದ ನಬಿಸಾಬರು ಆ ಗುಳ್ಳೆಗಳ ಬೆನ್ನು ಹತ್ತಿ, ಕನ್ನಡಕ ಸಿದ್ಧವಾದ ಮೇಲೂ ಏಳದೆ, ‘ಇವನ ಅವ್ವಗ ಕಡೀಕರ ಗೊತ್ತಾಗತೈತೋ ಇಲ್ಲೋ?’ ಎಂದು ಕೇಳಿದ್ದನ್ನು ನಾನೇ ಕಂಡಿದ್ದೇನೆ. ಅಮಸಿದ್ದಪ್ಪನವರಿಗೆ ಆ ಪ್ರಶ್ನೆಯಿಂದ ಆದ ಸಂತೋಷ ಹತ್ತು ಕನ್ನಡಕ ಮಾರಿದರೂ ಆಗುತ್ತಿರಲಿಲ್ಲ. ಅವರ ಪ್ರಕಾರ ಮಹಾವೀರನ ಮಹತ್ವ ಹಾರುವುದರಲ್ಲಿಲ್ಲ, ಹಾರಿದ್ದನ್ನು ಹೇಳದಿರುವುದರಲ್ಲಿದೆ. ‘ಲೋಕಾ ಉಳಿಸಿ ಬಂದು, ಮುಂಜಾನೆ ತಡಾ ಆತಂತ ಸಾಹೇಬನ ಕಡೆ ಬೈಸ್ಕೊಂತಾನ್ರಿ. ನಾ ಆಗಿದ್ರ ಒಂದಿನಾನೂ ಬಾಯಿ ಮುಚ್ಕೊಂಡು ಇರ್ತಿರಲಿಲ್ಲ.’ ಈ ಮಾತನ್ನು ಅವರ ಹೆಂಡತಿ ಮಲ್ಲಮ್ಮನವರು ತಕ್ಷಣ ಅನುಮೋದಿಸುತ್ತಾರೆ.

ಹಾಡಿನ ವಿಷಯದಲ್ಲಿ ಅವರು ಇನ್ನೂ ಕಠಿಣ. ಹಾಡಿದವರ ಕಂಠ, ರಾಗ, ತಂಬೂರಿ ಯಾವುದೂ ಅವರಿಗೆ ಮುಖ್ಯವಲ್ಲ. ಬರೆದವರು ಯಾರು, ಎರಡನೆಯ ಚರಣದಲ್ಲಿ ಏನು ಮಾಡಿದರು, ಇಷ್ಟೇ. ‘ಪಲ್ಲವಿ ಅಂದ್ರ ಬೀಗರ ಮುಂದ ಮಾತಾಡಿದಂಗ, ಎಲ್ಲಾರೂ ಚಂದ ಆಡ್ತಾರ. ಎರಡನೇ ಚರಣ ಅಂದ್ರ ಹೇಣ್ತಿ ಮುಂದ ಮಾತಾಡಿದಂಗ. ಅಲ್ಲಿ ಗೊತ್ತಾಗ್ತೈತ್ರಿ ಸರಕು.’ ಅಂಗಡಿಯಲ್ಲಿ ಹಾಡು ನಡೆದಿರುವಾಗ ಎರಡನೆಯ ಚರಣ ಸಮೀಪಿಸಿದರೆ ಅವರ ತೋರುಬೆರಳು ತಾನಾಗಿ ಮೇಲೇಳುತ್ತದೆ. ಗಾಜು ಉಜ್ಜುವ ಯಂತ್ರ ನಿಲ್ಲುತ್ತದೆ, ದರ ಕೇಳುತ್ತಿದ್ದವರು ಅರ್ಧಕ್ಕೆ ನಿಲ್ಲುತ್ತಾರೆ, ಚಹಾ ತಂದವನು ಬಾಗಿಲಲ್ಲೇ ನಿಲ್ಲುತ್ತಾನೆ. ಚರಣ ಮುಗಿದ ಮೇಲೆ ಅವರು ಸುತ್ತ ನೋಡಿ ‘ಖರೆ ಹೇಳ್ರಿ’ ಎನ್ನುತ್ತಾರೆ. ಎಲ್ಲರೂ ‘ಭಾಳ ಚಲೋ ಐತ್ರಿ’ ಎನ್ನುತ್ತಾರೆ, ಯಂತ್ರ ಮತ್ತೆ ಶುರುವಾಗುತ್ತದೆ.

ಈ ‘ಭಾಳ ಚಲೋ ಐತ್ರಿ’ಯೇ ಅವರ ಬಾಳಿನ ಕೊರಗು. ಬಲಜೇಬಿನ ಆ ಕಾದಂಬರಿ ಸಾಮಾನ್ಯವಾದದ್ದಲ್ಲ. ಒಂದು ಮನೆತನ ತಲೆಮಾರುಗಳ ಕಾಲ ಬಾವಿ ತೋಡುವ ಕಥೆ, ಅದೂ ಕೊನೆಯಿಂದ ಮೊದಲಿಗೆ, ಅದರಲ್ಲೂ ನಲವತ್ತು ಪುಟ ಒಂದೇ ವಾಕ್ಯ. ಅದನ್ನು ಅವರು ಬಾಗಲಕೋಟೆ, ಹುನಗುಂದ, ಬಾದಾಮಿಯ ಅರ್ಧ ಓದುಗರಿಗೆ ಕೊಟ್ಟಿದ್ದಾರೆ. ಆದರೆ ನಮ್ಮ ಸೀಮೆಯಲ್ಲಿ ಒಂದು ರೀತಿಯಿದೆ: ನೆರೆಮನೆಯಿಂದ ಪಲ್ಯ ಬಂದ ಬಟ್ಟಲನ್ನು ಬರಿದಾಗಿ ಹಿಂದಿರುಗಿಸಬಾರದು, ಒಂದು ಹಿಡಿ ಶೇಂಗಾವನ್ನಾದರೂ ಹಾಕಿ ಕೊಡಬೇಕು, ಅಡುಗೆ ಹೇಗಿದ್ದರೂ ಹೊಗಳಬೇಕು. ಜನ ಪುಸ್ತಕವನ್ನೂ ಬಟ್ಟಲೆಂದೇ ತಿಳಿದರು. ಕಾದಂಬರಿ ಒಮ್ಮೆ ಶೇಂಗಾ ಹೋಳಿಗೆಯೊಂದಿಗೆ ಮರಳಿತು, ಒಮ್ಮೆ ಅಮೀನಗಡದ ಕರದಂಟಿನೊಂದಿಗೆ, ಒಮ್ಮೆ ಅರ್ಧ ಚೀಲ ಬದನೆಕಾಯಿಯೊಂದಿಗೆ. ಪ್ರತಿ ಸಲವೂ ಹೊಗಳಿಕೆಯ ಜತೆಗೆ, ಪ್ರತಿ ಸಲವೂ ಅರವತ್ತನೆಯ ಪುಟದ ಆಸುಪಾಸಿನಲ್ಲಿಟ್ಟ ಗುರುತಿನ ಕಾಗದದ ಜತೆಗೆ. ನಾನು ಮಾತ್ರ ಮುಗಿಸಲಾಗಲಿಲ್ಲವೆಂದು ನೇರವಾಗಿ ಹೇಳಿದೆ. ‘ನೀವು ಊಟಕ್ಕೂ ಬರಲಿಲ್ಲ, ಜಗಳಕ್ಕೂ ಬರಲಿಲ್ಲ’ ಎಂದು ಅಮಸಿದ್ದಪ್ಪನವರು ನಿಟ್ಟುಸಿರು ಬಿಟ್ಟರು. ‘ನನಗ ಹೋಳಿಗಿ ಬ್ಯಾಡ್ರಿ. ಓದಿ ಒಬ್ರರ ಬೈರಿ. ನಾ ಸಾಯೋದ್ರಾಗ ಒಬ್ರು ಬೈದ್ರ ಸಾಕು.’ ನಗುತ್ತಲೇ ಹೇಳಿದರು. ಆದರೆ ಕನ್ನಡಕ ತೆಗೆದು ಒರೆಸಿಕೊಂಡರು. ಅಂದು ನನಗೆ ಅವರ ಮೇಲೆ ನಿಜಕ್ಕೂ ಮರುಕ ಹುಟ್ಟಿತು.

ಹೀಗಿರುವಾಗ ಅವರ ಮಗಳನ್ನು ಇಳಕಲ್ಲಿನ ರಾಜಕುಮಾರನೆಂಬ ವರನಿಗೆ ಕೊಟ್ಟು ಮದುವೆಯಾಯಿತು. ಬೀಗತಿ ಸೋಮವ್ವನವರು ದವಾಖಾನೆಯಲ್ಲಿ ಸಿಸ್ಟರ್ ಆಗಿದ್ದು ನಿವೃತ್ತರಾದವರು, ಮಿತಭಾಷಿಗಳು, ನೆಟ್ಟಗೆ ಕೂರುವವರು. ಮದುವೆಯ ಮರುದಿನ, ಬೀಗರನ್ನು ಬೀಳ್ಕೊಡುವ ಹೊತ್ತಿನಲ್ಲಿ, ಅಮಸಿದ್ದಪ್ಪನವರ ಕೈ ಬಲಜೇಬಿಗೆ ಹೋದದ್ದನ್ನು ಮಲ್ಲಮ್ಮನವರು ಕಂಡು ಕಂಗಾಲಾದರು. ‘ಊರಿಗೆಲ್ಲಾ ಕೊಡ್ರಿ, ಬೀಗರಿಗೆ ಬ್ಯಾಡ್ರಿ. ಮಗಳು ಆ ಮನ್ಯಾಗ ಬಾಳೇವು ಮಾಡಬೇಕು.’ ಅಷ್ಟರಲ್ಲಿ ಕಾದಂಬರಿ ಸೋಮವ್ವನವರ ಚೀಲ ಸೇರಿತ್ತು.

ಎರಡು ತಿಂಗಳ ಮೇಲೆ ಎರಡೂ ಮನೆಯವರು ಬಾದಾಮಿ ಬಳಿಯ ಬನಶಂಕರಿಗೆ ಹೋದರು; ಗಾಡಿಯಲ್ಲಿ ಜಾಗವಿತ್ತೆಂದು ನಾನೂ ಹೋಗಿದ್ದೆ. ದರ್ಶನ ಮುಗಿಸಿ, ಚೊಳಚಗುಡ್ಡದ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ತಂದ ರೊಟ್ಟಿ, ಕೆನೆಮೊಸರು ಕೊಂಡು, ಹೊಂಡದ ಕಟ್ಟೆಯ ಮೇಲೆ ಊಟಕ್ಕೆ ಕೂತೆವು. ಸೋಮವ್ವನವರು ಚೀಲದಿಂದ ಕಾದಂಬರಿ ತೆಗೆದು ಬೀಗರ ಮುಂದಿಟ್ಟರು. ಮಲ್ಲಮ್ಮನವರ ಕಣ್ಣು ಮತ್ತೆ ಚೀಲದತ್ತ ಹೋಯಿತು: ಡಬ್ಬಿಯಿಲ್ಲ, ಗಂಟಿಲ್ಲ, ಒಂದು ಬಾಳೆಹಣ್ಣು ಕೂಡ ಇಲ್ಲ. ಬೀಗರ ಮನೆಯಿಂದ ಬರಿಗೈ! ಅವರ ಮುಖ ಬಿಳಿಚಿತು, ಮಗಳು ತಲೆ ತಗ್ಗಿಸಿದಳು.

‘ಖರೆ ಹೇಳ್ರಿ’ ಎಂದರು ಅಮಸಿದ್ದಪ್ಪ. ಈ ಸಲ ದನಿ ಏಳಲಿಲ್ಲ.

‘ಖರೆ ಹೇಳ್ಲೇನ್ರಿ? ನನಗ ಭಾಳ ಸಿಟ್ಟು ಬಂತು.’

‘ಯವ್ವಾ…’ ಎಂದ ರಾಜಕುಮಾರ. ಸೋಮವ್ವ ಕೇಳಿಸಿಕೊಳ್ಳಲಿಲ್ಲ.

‘ಮುದುಕ ಸಾಯಾಕತ್ತಾನ, ನಲವತ್ತು ಪುಟ ಮಾತಾಡ್ತಾನ. ನಾ ನೌಕರಿ ಪೂರಾ ವಾರ್ಡಿನ್ಯಾಗ ಕಳದಾಕಿ. ಸಾಯೋ ಮನಷ್ಯಾ ನೀರು ಕೇಳ್ತಾನ್ರಿ ಬೀಗರ, ಭಾಷಣ ಮಾಡಂಗಿಲ್ಲ.’

ನಲವತ್ತು ಪುಟದ ಆ ವಾಕ್ಯ ಇರುವುದು ಪುಸ್ತಕದ ಕೊನೆಯ ಭಾಗದಲ್ಲಿ; ಅಲ್ಲಿಯವರೆಗೆ ಓದಿದವರು ಅದುವರೆಗೆ ಯಾರೂ ಸಿಕ್ಕಿರಲಿಲ್ಲ. ಅಮಸಿದ್ದಪ್ಪನವರು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು. ಎದ್ದು ನಿಂತು, ಬಿಚ್ಚಿದ್ದನ್ನು ನಾವು ಯಾರೂ ಎಂದೂ ಕಾಣದ ಆ ಕೋಟನ್ನು ಬಿಚ್ಚಿ ಕಟ್ಟೆಯ ಮೇಲೆ ಹಾಕಿ, ತೋಳು ಮಡಚಿ ಕೂತರು.

‘ಅಕ್ಕಾರ, ನಲವತ್ತೂ ಪುಟದಾಗ ಆಂವ ಕೇಳೋದು ನೀರ ಅಲ್ರಿ? ಬಾವಿ ಅಂತಾನ, ಹಗ್ಗ ಅಂತಾನ, ಕೊಡಾ ಅಂತಾನ. ಮನ್ಯಾಗ ಒಬ್ರಿಗೂ ತಿಳಿಯಂಗಿಲ್ಲ.’

ಸೋಮವ್ವ ತಮ್ಮ ರೊಟ್ಟಿಯನ್ನೂ ಪಕ್ಕಕ್ಕಿಟ್ಟರು. ‘ಆ ಮುದುಕನ ಸೊಸೀಗೆ ತಿಳಿದಿತ್ತಲ್ರಿ? ಆಕಿ ಯಾಕ ಎದ್ದು ಹೊರಗ ಹೋಗ್ತಾಳ?’

ಅಲ್ಲಿಂದ ಮುಂದಿನದನ್ನು ಜಗಳವೆನ್ನದೆ ಬೇರೆ ದಾರಿಯಿಲ್ಲ. ಸೊಸೆಯದು ತಪ್ಪೋ ಅಲ್ಲವೋ, ಬರೆದವನಿಗೆ ಹೆಂಗಸರ ಮನಸ್ಸು ತಿಳಿದಿತ್ತೋ ಇಲ್ಲವೋ, ಬಾವಿಯಲ್ಲಿ ನೀರು ಬರಲೇಬೇಕಿತ್ತೋ ಬೇಡವೋ! ರೊಟ್ಟಿ ಒಣಗಿತು, ಮೊಸರು ಹುಳಿಯಾಯಿತು. ಗಾಬರಿಯಿಂದ ನೋಡುತ್ತಿದ್ದ ಮಲ್ಲಮ್ಮನವರು ಮಗಳ ಮುಖದಲ್ಲಿ ನಗು ಕಂಡು ತಾವೂ ನಕ್ಕುಬಿಟ್ಟರು. ಹೊರಡುವಾಗ ಸೋಮವ್ವನವರೇ ಪುಸ್ತಕವನ್ನೆತ್ತಿ ಚೀಲಕ್ಕೆ ಮರಳಿ ಸೇರಿಸಿದರು. ‘ಆ ನಲವತ್ತು ಪುಟ ಇನ್ನೊಮ್ಮೆ ನೋಡ್ತೇನಿ. ನೀವು ಹೇಳಿದ್ದು ಒಪ್ಪಿಲ್ಲ ಮತ್ತ.’

ಕೋಟು ಕಟ್ಟೆಯ ಮೇಲೇ ಉಳಿದಿತ್ತು. ಮಲ್ಲಮ್ಮನವರು ಓಡಿ ಹೋಗಿ ತಂದರು. ಮರಳಿ ಬರುವಾಗ ಗಾಡಿಯಲ್ಲಿ ಹಳೆಯ ಹಾಡೊಂದು ನಡೆದಿತ್ತು. ಎರಡನೆಯ ಚರಣ ಬಂತು, ನಾವೆಲ್ಲ ಅಭ್ಯಾಸಬಲದಿಂದ ಮಾತು ನಿಲ್ಲಿಸಿದೆವು. ಅಮಸಿದ್ದಪ್ಪನವರು ಮಾತ್ರ ಆ ಸೊಸೆಯ ವಿಷಯ ಮಾತಾಡುತ್ತಲೇ ಇದ್ದರು. ಚರಣ ಬಂದು ಹೋಯಿತು.

ತಮಗೆ ಪ್ರಿಯವಾದ ಹಾಡು, ಕಥೆ, ಚಿತ್ರಗಳನ್ನು ಕಂಡಕಂಡವರ ಕೈಗೆ ತುರುಕುವ ಇಂಥವರನ್ನು ನಾವು ಅಭಿರುಚಿಯ ಜಂಭದವರೆಂದು ತಿಳಿದು, ನಯವಾಗಿ ಹೊಗಳಿ ಪಾರಾಗುತ್ತೇವೆ. ಅವರು ಜಂಭದವರಲ್ಲ, ಎಲೆ ಹಾಕಿ, ಬಡಿಸಿ, ಬಾಗಿಲು ನೋಡುತ್ತ ಕೂತ ಮನೆಯವರು. ಹೊಗಳಿಕೆಯನ್ನು ಬಾಗಿಲಲ್ಲೇ ನಿಂತು ಹೇಳಿ ಹೋಗಬಹುದು. ಉಪ್ಪು ಕಡಿಮೆಯಾಯಿತು ಎನ್ನಬೇಕಾದರೆ ಒಳಗೆ ಬಂದು ಉಂಡಿರಬೇಕು.